ಹಿಟ್ಟೂ ಅಲ್ಲ, ಪೌಡರೂ ಅಲ್ಲ

"ಲೇ ಯಶೂ, ನಿನ್ನ ಗಲ್ಲಕ್ಕ ಹಿಟ್ಟು ಹತ್ತೈತಿ ನೋಡು."

ಕುಂಟಾಬಿಲ್ಲೆ ಆಡುತ್ತ ಒಂಟಿ ಕಾಲಲ್ಲಿ ನಿಂತಿದ್ದ ಯಶೋಧರಾ ಅಂಗೈಯಿಂದ ಕೆನ್ನೆ ಒರೆಸಿಕೊಂಡಳು. ಹೂವಿನಹಡಗಲಿಯ ಆ ಓಣಿಯ ತುದಿಯಲ್ಲಿರುವ ಹಿಟ್ಟಿನ ಗಿರಣಿ ಅವಳ ಅಪ್ಪ ಬಸವೇಶನದು. ಬೆಳಿಗ್ಗೆ ಅಪ್ಪನಿಗೆ ಚಹಾ ಕೊಟ್ಟು ಬಂದಿದ್ದಳು. ಗಿರಣಿಯೊಳಗೆ ಕಾಲಿಟ್ಟರೆ ಸಾಕು, ಹುಬ್ಬು, ರೆಪ್ಪೆ, ಕೂದಲು ಎಲ್ಲಕ್ಕೂ ಜೋಳದ ಹಿಟ್ಟು ಹತ್ತುತ್ತದೆ.

"ಹೋತಾ?"

"ಇಲ್ಲ, ಇನ್ನೂ ಐತಿ." ಅರ್ಚನಾ ಹತ್ತಿರ ಬಂದಳು. ಇಬ್ಬರದೂ ಒಂದೇ ಶಾಲೆ, ಒಂದೇ ಆರನೇ ಕ್ಲಾಸು, ಒಂದೇ ಬೆಂಚು. ಅವಳು ತನ್ನ ಸ್ವೆಟರಿನ ತೋಳು ಎಳೆದುಕೊಂಡು ಯಶೋಧರಾಳ ಕೆನ್ನೆಯನ್ನು ಗಸಗಸ ತಿಕ್ಕಿದಳು. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದಳು.

"ಇದು ಹಿಟ್ಟಲ್ಲಲೇ."

"ಹಂಗಾರ ಪೌಡರ್."

"ಪೌಡರೂ ಅಲ್ಲ. ಚರ್ಮನ ಬೆಳ್ಳಗಾಗೈತಿ. ಇಲ್ಲೊಂದು ರೌಂಡು, ಇಲ್ಲೊಂದು ಸಣ್ಣದು." ಅರ್ಚನಾ ದನಿ ಇಳಿಸಿದಳು. "ಟೇಲರ್ ಆಂಟಿಗೆ ಐತಲ್ಲ, ಅದ ಇರಬೇಕು. ತೊನ್ನು."

ಹಾಗೆ ಹೇಳಿದವಳು ತನ್ನ ಸ್ವೆಟರಿನ ತೋಳನ್ನು ಒಮ್ಮೆ ನೋಡಿಕೊಂಡಳು. ಒಂದು ಹೆಜ್ಜೆ ಹಿಂದೆ ಸರಿದಳು. ಬೇಕೆಂದು ಸರಿದದ್ದಲ್ಲ, ಕಾಲು ತಾನಾಗಿಯೇ ಸರಿದಂತಿತ್ತು.

"ನಮ್ಮವ್ವ ಕರೀತಾಳ, ಬರ್ತೀನಿ," ಎಂದು ಓಡಿಹೋದಳು. ಅವಳ ಅವ್ವ ಕರೆದದ್ದು ಯಶೋಧರಾಳಿಗೆ ಕೇಳಿಸಿರಲಿಲ್ಲ.

ಮನೆಗೆ ಬಂದವಳೇ ಕನ್ನಡಿಯ ಮುಂದೆ ನಿಂತಳು. ಬಲಗೆನ್ನೆಯ ಮೇಲೆ ರೂಪಾಯಿ ಅಗಲದ ಒಂದು ಮಸುಕು ಬಿಳಿ ಕಲೆ. ಅದರ ಪಕ್ಕದಲ್ಲೇ ಇನ್ನೊಂದು ಸಣ್ಣದು. ಬೆರಳಾಡಿಸಿದರೆ ಒರಟು. ಇಷ್ಟು ದಿನ ಇದು ಕಣ್ಣಿಗೆ ಬಿದ್ದಿರಲೇ ಇಲ್ಲವಲ್ಲ!

ಟೇಲರ್ ಆಂಟಿ ಎಂದರೆ ಎದುರು ಮನೆಯ ಕೊಟ್ರಮ್ಮ. ಅವರ ಎರಡೂ ಕೈಗಳ ಮೇಲೆ, ತುಟಿಯ ಅಂಚಿನಲ್ಲಿ, ಕಣ್ಣಿನ ಸುತ್ತ ಹಾಲು ಚೆಲ್ಲಿದಂಥ ಬಿಳಿ ಕಲೆಗಳಿದ್ದವು. ಕೊಟ್ರಮ್ಮ ಒಳ್ಳೆಯವರೇ. ಓಣಿಯ ಮಕ್ಕಳನ್ನು ಕಂಡರೆ ಶೇಂಗಾ ಉಂಡೆ ಕೊಡಲು ಬರುತ್ತಿದ್ದರು. ಆದರೆ ಯಶೋಧರಾ ಪ್ರತಿ ಸಲವೂ "ಹೊಟ್ಟಿ ತುಂಬೈತ್ರಿ ಆಂಟಿ" ಎಂದು ಜಾರಿಕೊಳ್ಳುತ್ತಿದ್ದಳು.

ಆಗ ಕ್ರಿಸ್‌ಮಸ್ ರಜೆ ನಡೆದಿತ್ತು; ಅದು ಮುಗಿದ ಮೇಲೆ ಶಾಲೆಯ ವಾರ್ಷಿಕೋತ್ಸವ, ಗ್ಯಾದರಿಂಗ್, ಇತ್ತು. ಜಾನಪದ ಡ್ಯಾನ್ಸಿನಲ್ಲಿ ಯಶೋಧರಾ ಮುಂದಿನ ಸಾಲು. ಅದಕ್ಕೆಂದೇ ಖಣದ ಕುಪ್ಪಸ ಹೊಲಿಸಲು ಹೋದ ವಾರ ಅವ್ವ ಅವಳನ್ನು ಕೊಟ್ರಮ್ಮನ ಹತ್ತಿರ ಅಳತೆ ಕೊಡಲು ಕಳಿಸಿದ್ದಳು.

ಅಲ್ಲೇ ಅಂಟಿತು! ಯಶೋಧರಾಳಿಗೆ ಅದು ಖಾತ್ರಿಯಾಗಿಹೋಯಿತು. ಇನ್ನು ಇದು ದೊಡ್ಡದಾಗುತ್ತದೆ. ಬೆಂಚಿನ ಮೇಲೆ ಅರ್ಚನಾ ದೂರ ಕೂರುತ್ತಾಳೆ. ಮಿಸ್ ತನ್ನನ್ನು ಹಿಂದಿನ ಸಾಲಿಗೆ ಹಾಕುತ್ತಾರೆ. ಆಮೇಲೆ ಡ್ಯಾನ್ಸೇ ಬೇಡ ಅನ್ನುತ್ತಾರೆ.

ಆ ಹೊತ್ತಿಗೆ ತಮ್ಮ ಪ್ರವೀಣ ಹಿಂದಿನಿಂದ ಬಂದು ಅವಳ ಕೊರಳಿಗೆ ಜೋತುಬಿದ್ದ. ಅವನಿಗಿನ್ನೂ ಯುಕೆಜಿ.

"ಬಿಡು! ಮುಟ್ಟಬ್ಯಾಡ ನನ್ನ!" ಯಶೋಧರಾ ಅವನನ್ನು ತಳ್ಳಿಬಿಟ್ಟಳು.

ಪ್ರವೀಣ ನೆಲಕ್ಕೆ ಕುಳಿತು ಜೋರಾಗಿ ಅಳಲು ಶುರುಮಾಡಿದ. ಒಳಗಿನಿಂದ ಅವ್ವ ಸುಕನ್ಯಾ ಬಂದು ಯಶೋಧರಾಳನ್ನೇ ಬೈದಳು. ಯಶೋಧರಾ ತನ್ನ ಟವೆಲ್ಲನ್ನು ತಮ್ಮನ ಟವೆಲ್ಲಿನಿಂದ ದೂರ, ಹಗ್ಗದ ಇನ್ನೊಂದು ತುದಿಗೆ ಒಣಹಾಕಿದಳು.

ಅಂದಿನಿಂದ ಅವಳು ಕೆಂಪು ಸ್ಕಾರ್ಫು ಸುತ್ತಿಕೊಂಡೇ ಓಡಾಡತೊಡಗಿದಳು. ಚಳಿಗಾಲವಾದ್ದರಿಂದ ಬೆಳಿಗ್ಗೆ ಯಾರೂ ಏನೂ ಕೇಳಲಿಲ್ಲ. ಮಧ್ಯಾಹ್ನ ಬಿಸಿಲಿನಲ್ಲಿ ಮಾತ್ರ ಅವ್ವನಿಗೆ ವಿಚಿತ್ರವೆನಿಸಿತು.

"ಇಷ್ಟು ಬಿಸಿಲಾಗ ಅದನ್ಯಾಕ ಸುತ್ಕೊಂಡೀಯಲೇ?"

"ಚಳಿ ಆಗ್ತೈತಿ."

ಅವ್ವ ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲ. "ಏನೋ ಹೊಸಾ ಫ್ಯಾಷನ್ನು," ಎಂದು ಅಪ್ಪ ನಕ್ಕ.

ಯಶೋಧರಾ ಬೆಳಿಗ್ಗೆ ಬಾಯ್ಲರಿನ ಸುಡು ಸುಡು ನೀರಿನಲ್ಲಿ ಮುಖವನ್ನು ಸೋಪು ಹಚ್ಚಿ ಹಚ್ಚಿ ತೊಳೆದಳು. ಸಂಜೆ ಮತ್ತೆ ತೊಳೆದಳು. ಕಲೆ ಹೋಗಲಿಲ್ಲ. ಚರ್ಮ ಇನ್ನಷ್ಟು ಬಿಗಿಯಾಗಿ, ನಕ್ಕರೆ ಬಿರಿದೀತು ಅನ್ನುವಂತಾಯಿತು.

ಆಗ ಅವ್ವನ ಫೋನ್ ಕೈಗೆ ಸಿಕ್ಕಿತು. ಅದರ ಒಂದು ವಿಡಿಯೋದಲ್ಲಿ ಒಬ್ಬಾಕೆ ನಗುನಗುತ್ತ ಹೇಳುತ್ತಿದ್ದಳು: ಮುಖದ ಮೇಲಿನ ಬಿಳಿ ಕಲೆಗೆ ಮನೆಯಲ್ಲೇ ಮದ್ದು! ಕೆಮಿಕಲ್ ಇಲ್ಲ, ಪೂರಾ ನೈಸರ್ಗಿಕ! ನಿಂಬೆರಸ, ಅರಿಶಿನ, ಚಿಟಿಕೆ ಅಡುಗೆ ಸೋಡ. ಹಚ್ಚಿದಾಗ ಸ್ವಲ್ಪ ಉರಿಯುತ್ತದೆ, ಉರಿದರೆ ಕೆಲಸ ಮಾಡುತ್ತಿದೆ ಎಂದೇ ಅರ್ಥ!

ಯಶೋಧರಾಳಿಗೆ ಜೀವ ಬಂದಂತಾಯಿತು. ಮೂರೂ ಅಡುಗೆಮನೆಯಲ್ಲೇ ಇದ್ದವು. ಅವ್ವ ಮಾಳಿಗೆಯ ಮೇಲೆ ಬಟ್ಟೆ ಒಣಹಾಕಲು ಹೋದಾಗ ಬಟ್ಟಲಲ್ಲಿ ಕಲಸಿ ಕೆನ್ನೆಗೆ ಹಚ್ಚಿ ತಿಕ್ಕಿದಳು. ಅದು ಸ್ವಲ್ಪ ಉರಿಯಲಿಲ್ಲ, ಒಲೆಯ ಮುಂದೆ ಕೆನ್ನೆ ಹಿಡಿದಂತೆ ಉರಿಯಿತು. ಕಣ್ಣಲ್ಲಿ ನೀರು ಬಂತು. ಆದರೂ ಹಲ್ಲು ಕಚ್ಚಿ ನಿಂತಳು. ಮರುದಿನ ಬೆಳಿಗ್ಗೆಯೂ ಹಚ್ಚಿದಳು.

ಅಂದು ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತ ಕೂಗಿದಳು. "ಯಶೂ, ಟೇಲರ್ ಆಂಟಿ ಟ್ರಯಲ್ ನೋಡಾಕ ಕರದಾರ. ಹೋಗಿ ಬಾ."

"ನಾ ಹೋಗಂಗಿಲ್ಲ."

"ಯಾಕ?"

"ನನಗ ಡ್ಯಾನ್ಸ್ ಬ್ಯಾಡ."

ಅವ್ವನ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತು. ಡ್ಯಾನ್ಸಿನ ಮುಂದಿನ ಸಾಲಿಗೆ ಸೇರಿಸಿದ ದಿನ ಈ ಹುಡುಗಿ ಮನೆ ತುಂಬ ಕುಣಿದಾಡಿದ್ದಳು. ಅವ್ವ ಏನೋ ಕೇಳಬೇಕು ಅನ್ನುವಷ್ಟರಲ್ಲಿ ಬಾಗಿಲಲ್ಲಿ ಕೊಟ್ರಮ್ಮನ ದನಿ ಕೇಳಿತು.

"ಸುಕನ್ಯಾ, ಹುಡುಗಿ ಬರಲಿಲ್ಲಂತ ನಾನ ಬಂದೆ ನೋಡು. ಕೊರಳೊಂದು ನೋಡಿದ್ರ ಮುಗೀತು."

ಅವರ ಕೈಯಲ್ಲಿ ನೀಲಿ ಖಣದ ಕುಪ್ಪಸವಿತ್ತು. ಅಂಚಿಗೆ ಕೆಂಪು ಪಟ್ಟಿ. ಎಷ್ಟು ಚೆಂದ ಬಂದಿತ್ತೆಂದರೆ ಯಶೋಧರಾಳ ಕಣ್ಣು ಒಂದು ಕ್ಷಣ ಅಲ್ಲೇ ನಿಂತಿತು. ಮರುಕ್ಷಣ ಅವಳು ಗೋಡೆಗೆ ಅಂಟಿಕೊಂಡು ನಿಂತಳು.

"ಸ್ಕಾರ್ಫ್ ತಗಿಯವ್ವ," ಎಂದರು ಕೊಟ್ರಮ್ಮ.

ಯಶೋಧರಾ ಸ್ಕಾರ್ಫನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು. ಅವ್ವನಿಗೆ ಸಿಟ್ಟು ಬಂತು. ಎದ್ದು ಬಂದವಳೇ ಹಿಟ್ಟಿನ ಕೈಯಲ್ಲೇ ಸ್ಕಾರ್ಫನ್ನು ಎಳೆದುಬಿಟ್ಟಳು.

"ಅಯ್ಯ ಶಿವನ! ಏನಿದು?"

ಬಲಗೆನ್ನೆ ಕೆಂಪಗೆ ಬೆಂದಂತಾಗಿತ್ತು. ಅಲ್ಲಲ್ಲಿ ಸಿಪ್ಪೆ ಎದ್ದಿತ್ತು. ಕಿವಿಯ ಹತ್ತಿರ ಅರಿಶಿನದ ಹಳದಿ ಹಾಗೇ ಉಳಿದಿತ್ತು.

ಯಶೋಧರಾ ಇಷ್ಟು ದಿನ ಹಿಡಿದಿಟ್ಟದ್ದೆಲ್ಲ ಒಮ್ಮೆಲೇ ಹೊರಬಂತು. "ಇವ್ರಿಂದನ ಬಂದಿದ್ದು! ಅಳತಿ ತಗೊಳ್ಳುವಾಗ ಅಂಟೈತಿ! ನನಗೂ ತೊನ್ನು ಆಗೈತಿ!"

ಹೊರಗೆ ತರಕಾರಿ ಗಾಡಿಯವನ ಮೈಕು ಟೊಮ್ಯಾಟೊ, ಬದನೆಕಾಯಿ ಎಂದು ಕೂಗುತ್ತ ದೂರ ಹೋಯಿತು.

ಅವ್ವ ಹೊಡೆಯಲು ಕೈ ಎತ್ತಿದಳು. ಕೊಟ್ರಮ್ಮ ನಡುವೆ ಬಂದರು. "ಹೊಡಿಬ್ಯಾಡ ಸುಕನ್ಯಾ. ಕೂಸು ಅಂಜೈತಿ."

ಆಮೇಲೆ ಯಶೋಧರಾಳ ಕಡೆ ಬಾಗಿ ಕೇಳಿದರು. "ಏನು ಹಚ್ಚಿದ್ದೆವ್ವ ಗಲ್ಲಕ್ಕ?"

"ನಿಂಬಿಹಣ್ಣು... ಅರಿಶಿಣ... ಅಡಗಿ ಸೋಡ."

"ಉರೀಲಿಲ್ಲೇನು?"

"ಉರೀತು. ಉರಿದ್ರ ಕೆಲಸ ಮಾಡ್ತೈತಿ ಅಂತ ವಿಡಿಯೋದಾಗ ಹೇಳಿದ್ರು."

ಕೊಟ್ರಮ್ಮ ಅವಳ ಕೆನ್ನೆಯ ಕಡೆ ಕೈ ಚಾಚಿದರು. ಅರ್ಧಕ್ಕೇ ನಿಲ್ಲಿಸಿದರು. ಆ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಹೇಳಿದರು. "ನೀನ ತೊಳಿ ಸುಕನ್ಯಾ. ಬರೇ ತಣ್ಣೀರು. ಸೋಪು ಬ್ಯಾಡ. ನಾ ಸಣ್ಣಾಕಿ ಇದ್ದಾಗ ನನಗೂ ಯಾವ್ಯಾವೋ ಬೇರು ಅರದು ಹಚ್ಚಿ ಬಿಸಿಲಾಗ ಕುಂದ್ರಿಸಿದ್ರು. ಕಲೆ ಹೋಗಲಿಲ್ಲ, ಮ್ಯಾಲೆ ಬೊಬ್ಬಿ ಎದ್ದು ಅತ್ತಿದ್ದಷ್ಟ ಬಂತು. ಇದು ಏನಂತ ನನಗೂ ತಿಳಿಯಂಗಿಲ್ಲ, ನಿನಗೂ ತಿಳಿಯಂಗಿಲ್ಲ. ನಾಳೆ ದವಾಖಾನಿಗೆ ಕರ್ಕೊಂಡು ಹೋಗು."

ಕುಪ್ಪಸವನ್ನು ಮಡಚಿಕೊಂಡು ಅವರು ಹೊರಟುಹೋದರು. ಅವ್ವ ತಣ್ಣೀರಿನಿಂದ ಕೆನ್ನೆ ತೊಳೆದಳು. ಏನೂ ಬಯ್ಯಲಿಲ್ಲ. ತೊಳೆದ ಕೆನ್ನೆಯನ್ನೇ ಮತ್ತೆ ಮತ್ತೆ ಬೆಳಕಿಗೆ ತಿರುಗಿಸಿ ನೋಡಿದಳು. ಹಾಗಾದರೆ ಅವ್ವನಿಗೂ ಹೆದರಿಕೆ!

ಮರುದಿನ ದವಾಖಾನೆಯಲ್ಲಿ ದೊಡ್ಡ ಸಾಲಿತ್ತು. ಎಲ್ಲರಿಗೂ ನೆಗಡಿ, ಕೆಮ್ಮು. ಸಾಲಿನಲ್ಲಿ ಕುಳಿತ ಒಬ್ಬ ಅಜ್ಜಿ ಯಶೋಧರಾಳ ಮುಖ ನೋಡಿ, "ಹೊಟ್ಯಾಗ ಜಂತುಹುಳ ಆಗ್ಯಾವ, ಬೇವಿನ ರಸ ಕುಡಸ್ರಿ," ಎಂದಳು. ಪಕ್ಕದಾಕೆ, "ಕ್ಯಾಲ್ಸಿಯಂ ಕಮ್ಮಿ ಆಗೈತಿ ಬಿಡ್ರಿ," ಎಂದಳು. ಅವ್ವ ಇಬ್ಬರಿಗೂ ತಲೆಯಾಡಿಸಿದಳು. ಯಶೋಧರಾ ತನ್ನ ಚಪ್ಪಲಿಯನ್ನೇ ನೋಡುತ್ತ ಕುಳಿತಳು.

ಡಾಕ್ಟರಮ್ಮ ದಾವಣಗೆರೆ ಕಡೆಯವರು. ಚಿಕ್ಕ ವಯಸ್ಸು. ಯಶೋಧರಾಳನ್ನು ಕಿಟಕಿಯ ಹತ್ತಿರ ಕರೆದು, ಬೆಳಕಿಗೆ ಮುಖ ತಿರುಗಿಸಿ, ಭೂತಗನ್ನಡಿಯಿಂದ ನಿಧಾನವಾಗಿ ನೋಡಿದರು. ಕಲೆಯ ಅಂಚಿನ ಮೇಲೆ ಬೆರಳಾಡಿಸಿದರು. ಕೈ, ಮೊಣಕೈ, ಕಾಲು ಎಲ್ಲ ನೋಡಿದರು. ಆ ಹೊತ್ತು ಮುಗಿಯುವುದೇ ಇಲ್ಲವೇನೋ ಅನ್ನಿಸಿತು ಯಶೋಧರಾಳಿಗೆ.

"ಏನು ಅಂದ್ಕೊಂಡಿದ್ದೆ ಇದನ್ನ?" ಡಾಕ್ಟರಮ್ಮ ಕೇಳಿದರು.

"ತೊನ್ನು," ಎಂದಳು ಯಶೋಧರಾ.

"ತೊನ್ನಲ್ಲ ಇದು ಪುಟ್ಟಿ."

ಯಶೋಧರಾ ತಲೆ ಎತ್ತಿದಳು.

"ಅಲ್ಲವೇ ಅಲ್ಲ. ಚಳಿಗೆ ಚರ್ಮ ಒಣಗಿದ್ರೆ ನಿಮ್ಮ ವಯಸ್ಸಿನ ಮಕ್ಕಳಿಗೆ ಹೀಗೆ ಮಸುಕಾದ ಕಲೆ ಬೀಳ್ತದೆ. ಈ ವಾರ ನೀನು ಎಷ್ಟನೆಯವಳೋ! ಹುಳಾನೂ ಇಲ್ಲ, ಕ್ಯಾಲ್ಸಿಯಂ ಮಾತೂ ಅಲ್ಲ. ಅದರ ಪಾಡಿಗೆ ಬಿಟ್ಟಿದ್ರೆ ಸುಮ್ಮನೆ ಇರ್ತಿತ್ತು. ಈ ಕೆಂಪು ಮಾತ್ರ ನೀನೇ ಮಾಡ್ಕೊಂಡಿದ್ದು."

"ಅದು ನೈಸರ್ಗಿಕ ಅಂತ ಹೇಳಿದ್ರು ಮೇಡಂ..."

"ಹೌದು, ನಿಂಬೆಹಣ್ಣು ನೈಸರ್ಗಿಕಾನೇ. ಹಸಿಮೆಣಸಿನಕಾಯೂ ನೈಸರ್ಗಿಕಾನೇ. ಮುಖಕ್ಕೆ ಹಚ್ಕೊಳ್ತೀಯಾ?"

ಯಶೋಧರಾಳಿಗೆ ನಗು ಬಂತು. ನಕ್ಕರೆ ಕೆನ್ನೆ ಚುರುಗುಟ್ಟಿತು. ಆದರೂ ನಕ್ಕಳು. ಎದೆಯ ಮೇಲೆ ಕುಳಿತಿದ್ದ ಜೋಳದ ಚೀಲವನ್ನು ಯಾರೋ ಎತ್ತಿ ಕೆಳಗಿಟ್ಟಂತಿತ್ತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸುಟ್ಟ ಜಾಗಕ್ಕೆ ಡಾಕ್ಟರಮ್ಮ ಒಂದು ಮುಲಾಮು ಬರೆದುಕೊಟ್ಟರು. ಇನ್ನು ಮೇಲೆ ಸುಡು ನೀರು ಬೇಡ, ಬೆಚ್ಚಗಿನ ನೀರು ಸಾಕು. ಮುಖಕ್ಕೆ ಸೋಪು ಕಡಿಮೆ. ಕೆನ್ನೆ ಆರಿದ ಮೇಲೆ, ಸ್ನಾನವಾದ ಕೂಡಲೇ ಚರ್ಮ ಇನ್ನೂ ಹಸಿ ಇರುವಾಗಲೇ ತೆಳ್ಳಗೆ ಕೊಬ್ಬರಿ ಎಣ್ಣೆ ಹಚ್ಚಬೇಕು. "ಕಲೆ ಹೋಗೋಕೆ ತಿಂಗಳುಗಳೇ ಬೇಕು. ಅವಸರ ಮಾಡಬಾರದು," ಎಂದರು.

ಬಾಗಿಲ ತನಕ ಹೋದ ಯಶೋಧರಾ ಹಿಂತಿರುಗಿ ಬಂದಳು. "ಮೇಡಂ, ತೊನ್ನು ಅಂಟ್ತೈತೇನ್ರಿ?"

"ಇಲ್ಲ. ಮುಟ್ಟಿದ್ರೂ ಅಂಟೋದಿಲ್ಲ, ಒಂದೇ ತಟ್ಟೇಲಿ ಉಂಡ್ರೂ ಅಂಟೋದಿಲ್ಲ. ಯಾರು ಹೇಳಿದ್ದು ನಿನಗೆ?"

ಯಾರೂ ಹೇಳಿರಲಿಲ್ಲ. ಯಶೋಧರಾ ಸುಮ್ಮನೆ ತಲೆ ಅಲ್ಲಾಡಿಸಿದಳು.

ಓಣಿಯ ಬಾಯಿಗೆ ಬರುತ್ತಿದ್ದಂತೆ ಅವ್ವನ ಕೈ ಬಿಡಿಸಿಕೊಂಡು ಓಡಿದಳು. ಸ್ಕಾರ್ಫು ಕೈಯಲ್ಲಿ ಬಾವುಟದಂತೆ ಹಾರುತ್ತಿತ್ತು. ಕಟ್ಟೆಯ ಮೇಲೆ ಅರ್ಚನಾ ಕುಳಿತಿದ್ದಳು.

"ಅರ್ಚೀ! ನಂದು ತೊನ್ನಲ್ಲಲೇ! ತೊನ್ನಲ್ಲಂತ! ಬರೇ ಚಳಿಗೆ ಆಗಿದ್ದಂತ!"

"ಖರೇನ?" ಅರ್ಚನಾ ಜಿಗಿದು ಬಂದು ಅವಳ ಎರಡೂ ಕೈ ಹಿಡಿದಳು. ಇಬ್ಬರೂ ಓಣಿಯ ನಡುವೆ ಗಿರಗಿರನೆ ಸುತ್ತಿದರು. "ತೊನ್ನಲ್ಲ, ತೊನ್ನಲ್ಲ!" ಪ್ರವೀಣನೂ ಓಡಿ ಬಂದು, ಏನೆಂದು ತಿಳಿಯದಿದ್ದರೂ, "ತೊನ್ನಲ್ಲ, ತೊನ್ನಲ್ಲ!" ಎಂದು ಕುಣಿದ. ಯಶೋಧರಾ ಅವನನ್ನು ಎತ್ತಿಕೊಂಡು ಮತ್ತೆ ಸುತ್ತಿದಳು.

ಸುತ್ತುತ್ತ ಸುತ್ತುತ್ತ ಅವಳಿಗೆ ಎದುರು ಮನೆಯ ಕಿಟಕಿ ಕಾಣಿಸಿತು. ಕಿಟಕಿಯೊಳಗೆ ಹೊಲಿಗೆ ಮಷಿನ್ನು. ಇಷ್ಟು ಹೊತ್ತೂ ಕಟಕಟ ಎನ್ನುತ್ತಿದ್ದ ಅದು ನಿಂತಿತ್ತು. ಕೊಟ್ರಮ್ಮ ಇವರನ್ನೇ ನೋಡುತ್ತಿದ್ದರು.

ಯಶೋಧರಾ ಸುತ್ತುವುದನ್ನು ನಿಲ್ಲಿಸಿದಳು. ಪ್ರವೀಣ ಇನ್ನೂ ಕೂಗುತ್ತಲೇ ಇದ್ದ. ಅವಳು ಅವನ ಬಾಯಿ ಮುಚ್ಚಿದಳು.

"ಭಾಳ ಚಲೋ ಆತು ಬಿಡವ್ವ," ಎಂದರು ಕೊಟ್ರಮ್ಮ ಕಿಟಕಿಯಿಂದಲೇ. ಅವರು ನಗುತ್ತಿದ್ದರು. ಸುಳ್ಳು ನಗುವಲ್ಲ ಅದು. ನಿಜವಾಗಿಯೂ ಖುಷಿಯಾಗಿತ್ತು ಅವರಿಗೆ. ಆಮೇಲೆ ತಲೆ ಬಗ್ಗಿಸಿದರು. ಮಷಿನ್ನು ಮತ್ತೆ ಕಟಕಟ ಎನ್ನತೊಡಗಿತು.

ರಜೆಯ ಉಳಿದ ದಿನಗಳು ಹಗುರಾಗಿ ಓಡಿದವು. ಮುಲಾಮಿನಿಂದ ಕೆನ್ನೆಯ ಕೆಂಪು ಆರಿತು. ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಬೆಣ್ಣೆಯಂತೆ ಗಟ್ಟಿಯಾಗುತ್ತಿತ್ತು. ಬೆಳಿಗ್ಗೆ ಅದನ್ನು ಬಿಸಿಲಿಗಿಡುವ ಕೆಲಸ ಪ್ರವೀಣನದು. ಕರಗಿದ ಮೇಲೆ ಯಶೋಧರಾ ಕೆನ್ನೆಗೆ ಹಚ್ಚಿಕೊಂಡು, ತಮ್ಮನ ಮೊಣಕಾಲಿಗೂ ಹಚ್ಚುತ್ತಿದ್ದಳು. ಅವ್ವನ ಹಿಮ್ಮಡಿ ನೋಡಿದರೆ ಬಿರಿದ ಎರೆಹೊಲದಂತಿತ್ತು. ಒಂದು ದಿನ ಅವ್ವನನ್ನೂ ಹಿಡಿದು ಕೂರಿಸಿ ಹಚ್ಚಿದಳು. "ಸಾಕು ಬಿಡಲೇ, ಕೆಲಸ ಐತಿ," ಎನ್ನುತ್ತ ಅವ್ವ ಕಾಲು ಮಾತ್ರ ಹಿಂದೆ ಎಳೆದುಕೊಳ್ಳಲಿಲ್ಲ. ಅಪ್ಪ ಹೊಸ ಸಜ್ಜೆಯ ಹಿಟ್ಟು ತಂದ. ಎಳ್ಳು ಹಚ್ಚಿದ ಬಿಸಿ ರೊಟ್ಟಿ, ಬೆಣ್ಣೆ, ಬಿಸಿಲು ಬಿದ್ದ ಕಟ್ಟೆ. ಕಲೆ ಇತ್ತು. ಆದರೆ ಯಶೋಧರಾ ಕನ್ನಡಿ ನೋಡುವುದನ್ನೇ ಮರೆತಿದ್ದಳು.

ಒಂದೇ ಒಂದು ಮಾತ್ರ ಮರೆತಿರಲಿಲ್ಲ. ಕುಪ್ಪಸದ ಟ್ರಯಲ್ ಇನ್ನೂ ಆಗಿರಲಿಲ್ಲ.

ಅವ್ವ ಹೇಳುವ ಮೊದಲೇ ಒಂದು ಸಂಜೆ ಅವಳೇ ಹೊರಟಳು. ಓಣಿ ದಾಟುವಷ್ಟರಲ್ಲಿ "ಸಾರಿ ಆಂಟಿ" ಎಂದು ಮನಸ್ಸಿನಲ್ಲೇ ಹಲವು ಸಲ ಹೇಳಿಕೊಂಡಳು. ಬಾಗಿಲಲ್ಲಿ ನಿಂತಾಗ ಬಾಯಿಂದ ಬಂದದ್ದು "ಕುಪ್ಪಸ ಆತೇನ್ರಿ?" ಅಂತ ಮಾತ್ರ.

"ಬಂದ್ಯಾ? ಕುಂದ್ರು ಸ್ವಲ್ಪ," ಎಂದರು ಕೊಟ್ರಮ್ಮ. ಒಳಗೆ ಒಬ್ಬ ಹೆಂಗಸು ತನ್ನ ಪುಟ್ಟ ಮಗಳಿಗೆ ಫ್ರಾಕ್ ಹೊಲಿಸಲು ಬಂದಿದ್ದಳು. ಯಶೋಧರಾ ಸ್ಟೂಲಿನ ಮೇಲೆ ಕುಳಿತು ನೋಡಿದಳು.

ಕೊಟ್ರಮ್ಮ ಟೇಪಿನ ಎರಡು ತುದಿಗಳನ್ನು ಬೆರಳ ತುದಿಯಲ್ಲಿ ಹಿಡಿದಿದ್ದರು. ಮಗುವಿನ ಎದೆಯ ಸುತ್ತ ಟೇಪು ಬಂತು, ಕೈ ಮಾತ್ರ ದೂರವೇ ಉಳಿಯಿತು. ಭುಜದ ಮೇಲಿನ ಕೂದಲನ್ನು ಮರದ ಸ್ಕೇಲಿನಿಂದ ಮೆಲ್ಲಗೆ ಸರಿಸಿದರು. ಕೊರಳ ಅಳತೆಗೆ, "ಇದನ್ನು ಇಲ್ಲಿ ಹಿಡೀರಿ," ಎಂದು ಟೇಪನ್ನು ಆ ತಾಯಿಯ ಕೈಗೇ ಕೊಟ್ಟರು. ಇಡೀ ಅಳತೆ ಮುಗಿಯಿತು. ಅವರ ಒಂದು ಬೆರಳೂ ಆ ಮಗುವಿಗೆ ತಾಗಲಿಲ್ಲ.

ಯಶೋಧರಾ ನೋಡುತ್ತಲೇ ಇದ್ದಳು. ತಾನು ಅಳತೆ ಕೊಟ್ಟ ದಿನವನ್ನು ನೆನಪು ಮಾಡಿಕೊಂಡಳು. ಅಂದೂ ಹೀಗೇ ಇತ್ತು. ಆಂಟಿ ಅವಳನ್ನು ಮುಟ್ಟಿಯೇ ಇರಲಿಲ್ಲ. ಯಾರನ್ನೂ ಮುಟ್ಟದೆ ಬಟ್ಟೆ ಹೊಲಿಯುವುದನ್ನು ಅವರು ಯಾವಾಗ ಕಲಿತರೋ! ಯಾರು ಯಾರು ಹಿಂದೆ ಸರಿದು ಸರಿದು ಅವರಿಗೆ ಅದನ್ನು ಕಲಿಸಿದರೋ!

ಹೆಂಗಸು ಮಗಳನ್ನು ಕರೆದುಕೊಂಡು ಹೋದಳು. ಯಶೋಧರಾ ಒಳಗೆ ಹೋಗಿ ಕುಪ್ಪಸ ಹಾಕಿಕೊಂಡು ಬಂದಳು.

"ಭಾರಿ ಒಪ್ಪೈತಿ," ಎಂದು ಕೊಟ್ರಮ್ಮ ಸುತ್ತ ಒಮ್ಮೆ ನಡೆದು ನೋಡಿದರು. "ಹೆಂಗನಿಸ್ತೈತಿ? ಬಿಗಿ ಐತೇನು?"

"ಕೊರಳ ಹಿಂದ ಲೂಸ್ ಐತ್ರಿ ಆಂಟಿ."

"ಎಲ್ಲಿ?" ಮರದ ಸ್ಕೇಲಿನ ತುದಿ ಅವಳ ಬೆನ್ನ ಹಿಂದೆ ಬಂದು ಬಟ್ಟೆಯನ್ನು ಸ್ವಲ್ಪ ಎತ್ತಿತು.

"ಸ್ಕೇಲಿಲೆ ಗೊತ್ತಾಗಂಗಿಲ್ರಿ," ಎಂದಳು ಯಶೋಧರಾ. "ಕೈಯಿಲೆ ಹಿಡ್ದು ನೋಡ್ರಿ."

ಹಿಂದೆ ಸ್ಕೇಲನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ ತಣ್ಣನೆಯ ಎರಡು ಬೆರಳು ಅವಳ ಕೊರಳಿಗೆ ತಾಗಿದವು. ಯಶೋಧರಾಳ ಭುಜ ಎರಡೂ ಕಿವಿಯ ತನಕ ಏರಿದವು.

ಬೆರಳುಗಳು ಥಟ್ಟನೆ ಹಿಂದೆ ಹೋದವು. "ಯಾಕವ್ವ?" ಕೊಟ್ರಮ್ಮನ ದನಿ ಸಣ್ಣದಾಗಿತ್ತು.

"ಕಚಗುಳಿ ಆಗ್ತೈತ್ರಿ ಆಂಟಿ!" ಯಶೋಧರಾ ಕಿಸಕ್ಕನೆ ನಕ್ಕಳು.

ಕೊಟ್ರಮ್ಮನಿಗೂ ನಗು ಬಂತು. ತುಟಿಯ ನಡುವೆ ಪಿನ್ನು ಕಚ್ಚಿಕೊಂಡೇ ನಕ್ಕದ್ದರಿಂದ ಅದು ವಿಚಿತ್ರವಾಗಿ ಕೇಳಿ, ಯಶೋಧರಾ ಇನ್ನೂ ಜೋರಾಗಿ ನಕ್ಕಳು.

"ಏ, ಸುಮ್ನ ನಿಂದ್ರಲೇ. ಪಿನ್ ಚುಚ್ಚೀತು," ಎಂದು ಅವರು ಅವಳ ಭುಜವನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದರು.

ಯಶೋಧರಾ ನಗು ನುಂಗಿಕೊಂಡು, ಜಡೆಯನ್ನು ಮುಂದಕ್ಕೆ ಎಳೆದುಕೊಂಡು, ತಲೆ ಬಗ್ಗಿಸಿ ಅಲುಗಾಡದೆ ನಿಂತಳು.